ಸಹಿ ಹಾಕುವ ಮೊದಲು

ವಿಮಾನ ನಿರ್ವಹಣೆಯ ತರಬೇತಿ ಮುಗಿಸಿದ ಮಕ್ಕಳೇ, ಹೆತ್ತವರೇ, ಶಾಲು, ಹಾರ, ಫೋಟೋ ಎಲ್ಲ ಆಮೇಲೂ ಆಗುತ್ತದೆ. ಮೊದಲು ಬೆಂಗಳೂರಿನ ಹೊಸಹಳ್ಳಿಯ ಒಬ್ಬ ಹುಡುಗನ ವಿಷಯ ಕೇಳಿ.

ಅವನ ಅಪ್ಪನಿಗೆ ಮಾಗಡಿ ರಸ್ತೆಯಲ್ಲಿ ಸ್ಕೂಟರ್ ಗ್ಯಾರೇಜು. ಮಗ ವಿಮಾನದ ಎಂಜಿನಿಯರ್ ಆಗಲಿ ಎಂದು ಅಪ್ಪ ಸಾಲ ಮಾಡಿದರು, ಅಮ್ಮ ಬಳೆ ಅಡ ಇಟ್ಟರು. ಕೋರ್ಸ್ ಮುಗಿದದ್ದು 2019ರಲ್ಲಿ. ಆ ವರ್ಷ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಹಾರಾಟ ನಿಲ್ಲಿಸಿತ್ತು. ಹತ್ತು ಹದಿನೈದು ವರ್ಷ ವಿಮಾನ ಹಾರಬಹುದು ಎಂದು ಸಹಿ ಹಾಕಿದ ಲೈಸೆನ್ಸುದಾರರೇ ಬಯೋಡೇಟಾ ಹಿಡಿದು ಅಲೆಯುತ್ತಿದ್ದಾಗ ಇವನನ್ನು ಯಾರು ಕೇಳಬೇಕು? ಮರುವರ್ಷ ಕೊರೋನಾ. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕರ ವಿಮಾನ ಸಂಚಾರವೇ ನಿಂತಿತು. ಹುಡುಗ ಹಗಲು ಅಪ್ಪನ ಗ್ಯಾರೇಜಿನಲ್ಲಿ ಕಾರ್ಬ್ಯುರೇಟರ್ ತೊಳೆದ, ರಾತ್ರಿ ಊಟದ ಪಾರ್ಸೆಲ್ ಹಂಚಿದ. "ಏನಪ್ಪಾ, ವಿಮಾನದ ಕೆಲ್ಸ ಸಿಕ್ತಾ?" ಎಂದು ಬೀದಿಯವರು ಕೇಳುತ್ತಾರೆಂದು ಹಾಲಿನ ಬೂತಿಗೂ ಸುತ್ತು ಬಳಸಿ ಹೋಗುತ್ತಿದ್ದ.

ಬೆಂಗಳೂರಿಗೆ ವಿಮಾನ ಕಂಪನಿ ನಿಲ್ಲುವ ಈ ಪಾಡು ಹೊಸದಲ್ಲ. 2012ರ ಅಕ್ಟೋಬರಿನಲ್ಲಿ ಇದೇ ಊರಿನ ಕಿಂಗ್‌ಫಿಷರ್ ನಿಂತಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು. ಅದೇ 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಪತ್ರಿಕೆಯಲ್ಲಿ ಈ ಅಂಕಿ ಓದಿ ಹೆತ್ತವರು ಮಕ್ಕಳನ್ನು ತಂದು ಇಂಥ ಕೋರ್ಸಿಗೆ ಸೇರಿಸುತ್ತಾರೆ. ಆದರೆ ಆರ್ಡರ್ ಕೊಟ್ಟ ತಕ್ಷಣ ಕೆಲಸ ಹುಟ್ಟುವುದಿಲ್ಲ, ವಿಮಾನ ಬಂದಿಳಿಯಲು ವರ್ಷಗಳು ಬೇಕು. ಬಂದ ಹೊಸ ವಿಮಾನವನ್ನು ಪೂರ್ತಿ ಬಿಚ್ಚಿ ನೋಡುವ ದೊಡ್ಡ ತಪಾಸಣೆಗೆ ಇನ್ನೂ ಕೆಲವು ವರ್ಷ.

ಇನ್ನೊಂದು ಮಾತು ಹೆತ್ತವರು ಕೇಳಿಸಿಕೊಳ್ಳಬೇಕು. ಇವತ್ತು ಮಕ್ಕಳ ಕೈಗೆ ಬಂದಿರುವುದು ಸರ್ಟಿಫಿಕೇಟ್, ಲೈಸೆನ್ಸ್ ಅಲ್ಲ. ಲೈಸೆನ್ಸ್ ಕೊಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಅದರ ಪ್ರತಿ ಮಾಡ್ಯೂಲ್ ಪರೀಕ್ಷೆಯಲ್ಲೂ ನೂರಕ್ಕೆ 75 ತೆಗೆಯಬೇಕು. ಮಾನ್ಯತೆ ಪಡೆದ ಪೂರ್ಣ ಕೋರ್ಸ್ ಮಾಡಿದವರಿಗೂ ಬಿ1.1 ಅಥವಾ ಬಿ2 ದರ್ಜೆಯ ಲೈಸೆನ್ಸಿಗೆ, ಸೇವೆಯಲ್ಲಿರುವ ವಿಮಾನಗಳ ಮೇಲೆ 2 ವರ್ಷ ಕೆಲಸ ಮಾಡಿದ ಅನುಭವ ಬೇಕು. ಲೈಸೆನ್ಸ್ ಬಂದ ಮೇಲೂ ಏರ್‌ಬಸ್ 320ಕ್ಕೆ ಸಹಿ ಹಾಕಬೇಕಾದರೆ ಆ ಮಾದರಿಗೇ ಪ್ರತ್ಯೇಕ ಅರ್ಹತೆಯಾದ ಟೈಪ್ ರೇಟಿಂಗ್ ಬೇರೆ, ಅದಕ್ಕೆ ಮತ್ತೆ ಲಕ್ಷಗಟ್ಟಲೆ ದುಡ್ಡು. ಅನುಭವ ಬೇಕೆಂದರೆ ಕೆಲಸ ಬೇಕು, ಕೆಲಸ ಕೇಳಲು ಹೋದರೆ ಅನುಭವ ಕೇಳುತ್ತಾರೆ. ಸೇರುವ ದಿನವೇ ಅಪ್ಪ ಅಮ್ಮನನ್ನು ಕೂರಿಸಿ ಇದನ್ನು ಬಿಡಿಸಿ ಹೇಳದ ಸಂಸ್ಥೆಗಳ ಮೇಲೆ ನನಗೆ ತುಂಬ ಸಿಟ್ಟಿದೆ.

ಸಹಿ ಎಂದಾಗ ನಮ್ಮ ಕಾಲದ ಒಬ್ಬ ಫೋರ್‌ಮನ್ ಪದೇ ಪದೇ ನೆನಪಾಗುತ್ತಾರೆ.

ಹ್ಯಾಂಗರಿನಲ್ಲಿ ಒಂದು ರಾತ್ರಿ ಮೂರು ಗಂಟೆ. ಟೂಲ್‌ಬೋರ್ಡಿನ ಮೇಲೆ ಒಂದೊಂದು ಸ್ಪ್ಯಾನರಿನ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿರುತ್ತಾರೆ. ಅವತ್ತು ಒಂದು ಆಕಾರ ಖಾಲಿ. "ಯಾರ ಜೇಬಲ್ಲೋ ಇರತ್ತೆ ಬಿಡಿ ಸಾರ್" ಅಂದವನು ಒಬ್ಬ ಹೊಸಬ, ಇವತ್ತು ಈ ಮೈಕಿನ ಮುಂದೆ ನಿಂತಿರುವವನೇ. ಫೋರ್‌ಮನ್ ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು, ಟಾರ್ಚ್ ಹಿಡಿದು, ಚಕ್ರ ಮಡಚಿಕೊಳ್ಳುವ ಗೂಡಿನೊಳಗೆ ತಲೆ ತೂರಿಸಿದರು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಹೈಡ್ರಾಲಿಕ್ ಪೈಪಿನ ಹಿಂದೆ, ಎರಡು ಬೆರಳು ಮಾತ್ರ ಹಿಡಿಸುವ ಸಂದಿಯಲ್ಲಿ ಅರ್ಧ ಇಂಚಿನ ಸ್ಪ್ಯಾನರ್ ಸಿಕ್ಕಿತು. ಕಾಟನ್ ವೇಸ್ಟಿನಲ್ಲಿ ಒರೆಸಿ ಬೋರ್ಡಿಗೆ ಸಿಕ್ಕಿಸಿದರು. ಆಮೇಲೇ ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದದ್ದು. ವಿಮಾನ ತಡವಾಗಿ ಹೊರಟಿತು.

ಅವರು ಪ್ರತಿ ಹೊಸಬರಿಗೂ ಹೇಳುತ್ತಿದ್ದದ್ದು 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ ಘಟನೆ. ಬರ್ಮಿಂಗ್‌ಹ್ಯಾಮಿನಿಂದ ಹೊರಟ ವಿಮಾನ 17,000 ಅಡಿ ದಾಟಿದಾಗ ಕಾಕ್‌ಪಿಟ್ ಗಾಜು ಕಿತ್ತುಹೋಗಿ, ಗಾಳಿ ಕ್ಯಾಪ್ಟನ್ನರನ್ನು ಸೊಂಟದವರೆಗೆ ಹೊರಗೆ ಎಳೆಯಿತು. ಸಿಬ್ಬಂದಿ ಅವರ ಕಾಲು ಬಿಡದೆ ಹಿಡಿದುಕೊಂಡರು, ಜೀವ ಉಳಿಯಿತು. ಆ ಗಾಜಿಗೆ ಹಾಕಿದ್ದ 90 ಬೋಲ್ಟುಗಳಲ್ಲಿ 84ರ ವ್ಯಾಸ ಕೂದಲೆಳೆಯಷ್ಟು ಕಡಿಮೆ. ಗಾಜು ಕೂರಿಸಿದವರು ಹಳೆಯ ಬೋಲ್ಟ್ ಪಕ್ಕ ಇಟ್ಟು ಕಣ್ಣಳತೆಯಲ್ಲೇ ಆರಿಸಿದ್ದರು. ಪಾರ್ಟ್ಸ್ ಕೆಟಲಾಗ್ ನೋಡಿರಲಿಲ್ಲ.

ಪುಸ್ತಕ ನೋಡದ ಅದೇ ಚಾಳಿ ಇಲ್ಲೂ ಇದೆ. ಈಗಿನ ಮಕ್ಕಳು ಹಳೇ ಪ್ರಶ್ನೆಗಳ ಉತ್ತರವನ್ನು ಉರು ಹೊಡೆದು ಮಾಡ್ಯೂಲ್ ಪಾಸು ಮಾಡುತ್ತಾರೆ. ಉತ್ತರ 'ಸಿ' ಎಂದು ಗೊತ್ತು, ಯಾಕೆ 'ಸಿ' ಎಂದು ಗೊತ್ತಿಲ್ಲ. ಮ್ಯಾನುಯಲ್ ಮುಂದಿಟ್ಟರೆ ಎರಡು ಪುಟ ದಾಟುವಷ್ಟರಲ್ಲಿ ಕಣ್ಣು ಮೊಬೈಲಿಗೆ. ಎಂಜಿನ್ ಪಕ್ಕ ನಿಂತು ಫೋಟೋ ಹಾಕುವ ಅವಸರ ಮಾತ್ರ ಎಲ್ಲರಿಗೂ. ಇದನ್ನು ಕಂಡರೆ ಹೊಟ್ಟೆ ಉರಿಯುತ್ತದೆ, ಮುಚ್ಚಿಡುವುದೇನಿಲ್ಲ.

ಕೆಲಸ ಹುಡುಕುವಾಗ ದೇವನಹಳ್ಳಿಯ ವಿಮಾನ ನಿಲ್ದಾಣವೊಂದನ್ನೇ ನೋಡಬೇಡಿ. ಹೊಸೂರಿನಲ್ಲಿ ವಿಮಾನ ರಿಪೇರಿಯ ಏರ್ ವರ್ಕ್ಸ್ ಕಂಪನಿಯ ಹ್ಯಾಂಗರ್ ಇದೆ, ಜಕ್ಕೂರಿನಲ್ಲಿ ಪೈಲಟ್ ತರಬೇತಿಯ ಪುಟ್ಟ ವಿಮಾನಗಳಿವೆ. ಕೆಲಸ ಕೊಡಿಸುತ್ತೇವೆಂದು ಡಿಪಾಸಿಟ್ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಲೈಸೆನ್ಸ್ ಬರುವ ಮೊದಲೇ ಟೈಪ್ ರೇಟಿಂಗಿಗೆ ಮನೆ ಪತ್ರ ಬ್ಯಾಂಕಿನಲ್ಲಿ ಇಡಬೇಡಿ. ಖಾಲಿ ಕೂರುವ ಬದಲು ಕಾಮಾಕ್ಷಿಪಾಳ್ಯದ ಯಾವುದಾದರೂ ಲೇತ್ ಅಂಗಡಿಯಲ್ಲಿ ಅರ ಹಿಡಿಯಿರಿ. ಅದು ಲೈಸೆನ್ಸಿನ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಕೈ ಪಳಗುತ್ತದೆ. ಹ್ಯಾಂಗರ್ ಸೇರಿದ ಮೇಲೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ಎಂಜಿನ್ ಸದ್ದಿಗೆ ನಮ್ಮ ಜೊತೆಯವರಲ್ಲಿ ಅರ್ಧ ಜನಕ್ಕೆ ಈಗ ಹೆಂಡತಿ ಕೂಗಿದ್ದೂ ಕೇಳುವುದಿಲ್ಲ.

ಕೆಲಸದ ಬಾಗಿಲು ಪೂರ್ತಿ ಮುಚ್ಚಿಲ್ಲ. 2020ರ ಏಪ್ರಿಲ್‌ನಲ್ಲಿ ವಿಮಾನ ರಿಪೇರಿಯ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು, ಹೊರದೇಶಕ್ಕೆ ಹೋಗುವ ಕೆಲಸ ಇಲ್ಲೇ ಆಗಲಿ ಎಂದು. ಏರ್ ಇಂಡಿಯಾ ಬೆಂಗಳೂರಿನಲ್ಲಿ ದೊಡ್ಡ ನಿರ್ವಹಣಾ ನೆಲೆಯ ಕೆಲಸ ಕೈಗೆತ್ತಿಕೊಂಡಿದೆ.

ಆ ಹೊಸಹಳ್ಳಿ ಹುಡುಗನಿಗೆ 2021ರ ಕೊನೆಯಲ್ಲಿ ಒಂದು ಹ್ಯಾಂಗರಿನಲ್ಲಿ ಹೆಲ್ಪರ್ ಕೆಲಸ ಸಿಕ್ಕಿತು. ಎರಡು ವರ್ಷ ದುಡಿದ. ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್ ತೆಗೆದು ನೋಡಿದರೆ ಎಂಟು ತಿಂಗಳ ಕೆಲಸಕ್ಕೆ ಮೇಲಿನವರ ಸಹಿಯೇ ಇಲ್ಲ, ಹಾಕಬೇಕಾದವರು ಬೇರೆ ದೇಶಕ್ಕೆ ಹೋಗಿದ್ದರು. ಅಷ್ಟು ದಿನವನ್ನೂ ಮತ್ತೆ ಮೊದಲಿನಿಂದ ದುಡಿದು ತುಂಬಿಸಿದ. ಅದಕ್ಕೇ ಹೇಳುವುದು, ಆ ವಾರದ ಕೆಲಸಕ್ಕೆ ಆ ವಾರವೇ ಸಹಿ ಹಾಕಿಸಿಕೊಳ್ಳಿ. ಮೇಲಿನವರು ಮುಖ ಗಂಟಿಕ್ಕಿದರೂ ನಿಂತು ಕೇಳಿ. ಲಾಗ್‌ಬುಕ್ ಬರೆಯಲು ಯಾರಿಗೆ ತೊಡಕಾದರೂ ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ನಮ್ಮ ಮನೆಗೆ ಬನ್ನಿ, ಹೊಸಹಳ್ಳಿ ಮೆಟ್ರೋ ಇಳಿದರೆ ಐದು ನಿಮಿಷದ ದಾರಿ. ಆ ಹುಡುಗನೂ ಬಂದಿರುತ್ತಾನೆ, ಮ್ಯಾನುಯಲ್ ಹೇಗೆ ಓದಬೇಕೆಂದು ಅವನೇ ತೋರಿಸುತ್ತಾನೆ.