ವಾಯುವೆಂಬ ಹೆಸರು



ನಾಲ್ವರ ಮುಂದೆ ಆಡಲು ನಾಚುವ ಮಾತೊಂದನ್ನು ಇಂದು ಆಡಬೇಕಾಗಿದೆ. ಅದು ಅಪಾನವಾಯುವಿನ ಮಾತು. ತಡೆಹಿಡಿಯಬಾರದ 13 ವೇಗಗಳಲ್ಲಿ ಇದನ್ನೂ ಚರಕಸಂಹಿತೆ ಎಣಿಸಿದೆ. ದಿನಕ್ಕೆ 10ರಿಂದ 20 ಬಾರಿ ವಾಯು ಸರಿಯುವುದು ಸಹಜವೆಂದು ಇಂದಿನ ವೈದ್ಯರೂ ಹೇಳುತ್ತಾರೆ.

ನಮ್ಮ ಕಲಬುರಗಿ ತೊಗರಿಯ ಕಣಜ. ಬೇಳೆಯಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣಕರುಳಿನಲ್ಲಿಲ್ಲ. ಅವು ಅರಗದೆ ದೊಡ್ಡಕರುಳನ್ನು ಸೇರಿದಾಗ ಅಲ್ಲಿಯ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸುತ್ತವೆ; ಜಲಜನಕವೂ ಇಂಗಾಲದ ಡೈಆಕ್ಸೈಡೂ ಹುಟ್ಟುತ್ತವೆ. ಕಮಲಾಪುರದ ಕೆಂಪುಬಾಳೆಯೂ ಅರೆಗಾಯಾಗಿದ್ದರೆ ಅದರ ಪಿಷ್ಟ ಇದೇ ಹಾದಿ ಹಿಡಿಯುತ್ತದೆ. ಚೆನ್ನಾಗಿ ಹಣ್ಣಾದಾಗ ಆ ಪಿಷ್ಟವೇ ಸಕ್ಕರೆಯಾಗಿ ಸುಲಭವಾಗಿ ಅರಗುತ್ತದೆ.

ಆದ್ದರಿಂದ ಬೇಳೆಯನ್ನು ತೊರೆಯಬೇಕಾಗಿಲ್ಲ. ಕೆಲವು ತಾಸು ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಮೆತ್ತಗೆ ಬೇಯಿಸಿದರೆ ಬಾಧೆ ಕಡಮೆ. ಅವಸರದಿಂದ ನುಂಗಿದರೆ ಅನ್ನದೊಡನೆ ಗಾಳಿಯೂ ಒಳಹೋಗುತ್ತದೆ. ನಿಧಾನವಾಗಿ ಅಗಿದು ಉಣ್ಣಬೇಕು. ಉಂಡ ಮೇಲೆ ತುಸು ನಡೆದಾಡುವುದು ಲೇಸು. ಹಾಲು ಕುಡಿದಾಗಲೆಲ್ಲ ಹೊಟ್ಟೆಯುಬ್ಬುವವರು ಕೆಲದಿನ ಅದನ್ನು ಬಿಟ್ಟು ನೋಡಬಹುದು.

ಆದರೆ ಎಲ್ಲ ಬೇನೆಗೂ ವಾಯುವೆಂಬ ಹೆಸರು ಸಲ್ಲದು. ಕಾರಣವಿಲ್ಲದೆ ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆನೋವು ಬಿಡದಿದ್ದರೆ ವೈದ್ಯರನ್ನು ಕಾಣಲೇಬೇಕು. ಎದೆ ಹಿಂಡಿ, ಬೆವರು ಸುರಿದು, ನೋವು ತೋಳಿಗೋ ದವಡೆಗೋ ಹಬ್ಬಿದಾಗಲೂ ‘ಬರಿಯ ಗ್ಯಾಸು’ ಎಂದು ಸೋಡಾ ಕುಡಿದು ಮಲಗುವವರುಂಟು. ಅದು ಹೃದಯದ ಕರೆಯಾಗಿದ್ದರೆ, ಕಳೆದ ಗಳಿಗೆ ಮರಳಿ ಬಾರದು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯಿದೆ. ಕಮಲಾಪುರದವರಿಗೂ 108ರ ವಾಹನವಿದೆ. ಹೊಟ್ಟೆಯೋ ಹೃದಯವೋ ಎಂಬುದನ್ನು ವೈದ್ಯರು ನಿರ್ಣಯಿಸಲಿ. ನಾವು ತಡಮಾಡದೆ ಹೊರಡೋಣ.