ಉಭಯ ಕುಶಲೋಪರಿ

(ನಮ್ಮ ಸಂಘದ ವಾರ್ಷಿಕೋತ್ಸವದ ಅಂಗವಾಗಿ ಜರಗಿದ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಘದ ಕಾರ್ಯದರ್ಶಿಗಳು ನಮ್ಮನ್ನು ಆಹ್ವಾನಿಸಲು ಬಂದಾಗ ವಿಷಯವನ್ನು ನಮ್ಮ ಇಚ್ಛೆಗೇ ಬಿಟ್ಟರು. ಕನ್ನಡ ಅಧ್ಯಾಪಕರಾದ ನಾವು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವೆವೆಂದು ಅವರು ಎಣಿಸಿರಬೇಕು. ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ಅದೇ ವಾರ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಲೆಗೆ ಬಂದು, "ಮಾಷ್ಟ್ರೇ, ಮಗಳು ಬೆಂಗಳೂರಿನಲ್ಲಿದ್ದಾಳೆ. ಆದರೆ ಬೆಂಗಳೂರಿನಲ್ಲಿ ಎಲ್ಲಿದ್ದಾಳೆಂದು ನನಗೆ ಗೊತ್ತಿಲ್ಲ. ಕೇಳಿದರೆ ಸಿಟ್ಟಾಗುತ್ತಾಳೆ. ನೀವಾದರೂ ಒಂದು ಮಾತು ಹೇಳಿ" ಎಂದು ಕಣ್ಣೊರೆಸಿಕೊಂಡರು. ಅಂದಿನಿಂದ ಆ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಆದಕಾರಣ ಇಂದು ಅದನ್ನೇ ಕುರಿತು ನಾಲ್ಕು ಮಾತುಗಳನ್ನು ನಿವೇದಿಸುತ್ತೇವೆ.

ನಮ್ಮ ಹಿರಿಯರು ಕಾಗದ ಬರೆಯುವ ಕ್ರಮವನ್ನು ಇಲ್ಲಿರುವ ವೃದ್ಧರೆಲ್ಲರೂ ಬಲ್ಲರು. ತೀರ್ಥರೂಪರಾದ ತಂದೆಯವರ ಚರಣಗಳಿಗೆ ನಮಸ್ಕಾರವನ್ನು ಸಲ್ಲಿಸಿ, ಅದರ ಕೆಳಗೆ 'ಉಭಯ ಕುಶಲೋಪರಿ' ಎಂದು ಬರೆದು, ಆಮೇಲೆ ವಿಷಯಕ್ಕೆ ಕೈ ಹಾಕುತ್ತಿದ್ದರು. ತಾನು ಇರುವ ಊರು ಮತ್ತು ತಾರೀಖು ಕಾಗದದ ಮೇಲ್ಭಾಗದಲ್ಲೇ ಇರುತ್ತಿತ್ತು. ಎಲ್ಲಿದ್ದೇನೆ, ಹೇಗಿದ್ದೇನೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆಯೇ ಹಣದ ಮಾತು, ಪರೀಕ್ಷೆಯ ಮಾತು. ಇದನ್ನು ಯಾರೂ ಬಂಧನವೆಂದು ಭಾವಿಸಲಿಲ್ಲ. ಅದು ಕಾಗದದ ಮರ್ಯಾದೆಯಾಗಿತ್ತು. ಆ ಕಾಗದಗಳು ನಿಂತುಹೋದುವು. 2013ನೆಯ ಇಸವಿಯ ಜುಲೈಯಲ್ಲಿ ತಂತಿಯ ಸೇವೆಯೂ ಕೊನೆಗೊಂಡಿತು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ದೂರವಾಣಿಯುಂಟು. ಹೀಗಿದ್ದೂ ಆ ತಾಯಿಗೆ ಮಗಳ ನೆಲೆ ತಿಳಿಯದು. ಕಾರಣವೇನು?

ಒಂದು ಕಾರಣ ಹೀಗಿದೆ. ಮೊದಲು ನಮ್ಮ ಮಕ್ಕಳು ಎಲ್ಲಿಗೆ ಹೋದರೂ ಊರೇ ಅವರನ್ನು ನೋಡುತ್ತಿತ್ತು. ಹುಡುಗನು ಬಯಲಾಟಕ್ಕೆ ಹೋಗಿ ಬೆಳಗಿನವರೆಗೆ ಮನೆಗೆ ಬಾರದಿದ್ದರೂ ಆಟದ ಬಯಲಲ್ಲಿ ಅವನನ್ನು ಕಂಡವರು ಹತ್ತು ಮಂದಿ. ಮಂಗಳೂರಿನ ಕಾಲೇಜಿಗೆ ಹೋದವನು ಯಾವ ಬಸ್ಸು ಹತ್ತಿದನೆಂಬುದನ್ನು ಕಂಡಕ್ಟರನೇ ಹೇಳಬಲ್ಲವನಾಗಿದ್ದನು. ಮಕ್ಕಳು ಬಾಯಿ ತೆರೆದು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಆದುದರಿಂದ ಹೇಳುವ ಅಭ್ಯಾಸವೂ ಬೆಳೆಯಲಿಲ್ಲ. ಈಗ ನಮ್ಮ ಮಕ್ಕಳು ಮಂಗಳೂರನ್ನು ದಾಟಿ ಬೆಂಗಳೂರು, ದುಬಾಯಿಗಳಿಗೆ ಹೋಗುತ್ತಾರೆ. ಅಲ್ಲಿ ನೆರೆಮನೆಯವರಿಗೆ ಇವರ ಹೆಸರೂ ತಿಳಿಯದು. ಊರು ಮಾಡುತ್ತಿದ್ದ ಕೆಲಸವನ್ನು ಅವರವರೇ ಮಾಡಬೇಕಾಗಿದೆ.

ಇನ್ನೊಂದು ಕಾರಣ ಇದಕ್ಕಿಂತಲೂ ಸೂಕ್ಷ್ಮವಾದುದು. ನಮ್ಮ ದೇಶದಲ್ಲಿ 1875ರ ಶಾಸನದ ಕಾಲದಿಂದಲೂ ಹದಿನೆಂಟು ತುಂಬಿದವರು ಪ್ರಾಪ್ತವಯಸ್ಕರು. 1989ರಿಂದ ಮತದಾನದ ವಯಸ್ಸೂ 21ರಿಂದ 18ಕ್ಕೆ ಇಳಿದಿದೆ. ದೇಶವನ್ನು ಆಳುವವರನ್ನು ಆರಿಸಬಲ್ಲ ತರುಣನು ತಾನು ಹೋಗುವ ದಾರಿಯನ್ನೂ ಆರಿಸಬಲ್ಲನು. ಇದನ್ನು ತಂದೆತಾಯಂದಿರು ತುಂಬುಮನಸ್ಸಿನಿಂದ ಒಪ್ಪಬೇಕು. ಆದರೆ 'ಅಪ್ಪಣೆ' ಎಂಬುದು ಬೇರೆ, 'ವರ್ತಮಾನ' ಎಂಬುದು ಬೇರೆ. "ಹೋಗಲೇ?" ಎಂದು ಕೇಳುವುದು ಅಪ್ಪಣೆ, "ಹೋಗುತ್ತಿದ್ದೇನೆ, ನಾಳೆ ಸಂಜೆಗೆ ಬರುತ್ತೇನೆ" ಎಂದು ತಿಳಿಸುವುದು ವರ್ತಮಾನ. ಮಕ್ಕಳು ಬೆಳೆದಂತೆಲ್ಲ ಅಪ್ಪಣೆ ಕೇಳುವ ಅಗತ್ಯ ಕಡಮೆಯಾಗುತ್ತದೆ. ವರ್ತಮಾನದ ಅಗತ್ಯವಾದರೋ, ಅವರು ದೂರ ಹೋದಷ್ಟೂ ಹೆಚ್ಚುತ್ತದೆ. ಮಕ್ಕಳು ವರ್ತಮಾನ ಕೊಡುವುದನ್ನು ಅಪ್ಪಣೆ ಬೇಡುವುದೆಂದು ತಪ್ಪಾಗಿ ತಿಳಿದು ಬಾಯಿ ಮುಚ್ಚುತ್ತಾರೆ. ಹಿರಿಯರು ಬಂದ ವರ್ತಮಾನವನ್ನು ಅಪ್ಪಣೆಯ ಅರ್ಜಿಯೆಂದು ತಪ್ಪಾಗಿ ತಿಳಿದು, "ಅಲ್ಲಿಗೇಕೆ? ಯಾರೊಡನೆ? ಬೇಡ" ಎನ್ನುತ್ತಾರೆ. ಎರಡು ಕಡೆಯಲ್ಲಿಯೂ ತಪ್ಪು ಒಂದೇ.

ಹಿರಿಯರಿಗೆ ನಾವು ನಮ್ಮ ಹಳಗನ್ನಡದ ಕಥೆಯೊಂದನ್ನು ನೆನಪಿಸಬಯಸುತ್ತೇವೆ. 'ವಡ್ಡಾರಾಧನೆ'ಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಋಷಿಗಳನ್ನು ಕಂಡ ದಿನವೇ ಮಗನು ತಪಸ್ಸಿಗೆ ಹೋಗುವನೆಂದು ತಿಳಿದಿದ್ದ ತಾಯಿ ಯಶೋಭದ್ರೆ ಅವನನ್ನು ಉಪ್ಪರಿಗೆಯ ಸುಖದಲ್ಲಿ ಮುಚ್ಚಿಟ್ಟಳು. ಋಷಿಗಳು ಮನೆಗೆ ಬಾರದಂತೆ ಕಟ್ಟು ಮಾಡಿದಳು. ಅವಳ ಪ್ರೀತಿಯಲ್ಲಿ ಲೇಶವೂ ಕೊರತೆಯಿರಲಿಲ್ಲ. ಆದರೂ ಮುನಿಯೊಬ್ಬನ ಪಾಠದ ಧ್ವನಿ ಕಿವಿಗೆ ಬಿದ್ದೊಡನೆ ಸುಕುಮಾರನಿಗೆ ಪೂರ್ವಜನ್ಮದ ಸ್ಮರಣೆಯಾಯಿತು. ಬಟ್ಟೆಗಳನ್ನು ಗಂಟಿಕ್ಕಿ ಹಗ್ಗ ಮಾಡಿಕೊಂಡು, ಯಾರಿಗೂ ಹೇಳದೆ, ಉಪ್ಪರಿಗೆಯಿಂದ ಇಳಿದು ಹೊರಟುಹೋದನು. ಆ ಕಥೆಯ ಪರಮಾರ್ಥ ವೈರಾಗ್ಯ. ನಾವು ಲೌಕಿಕರು ಅದರಿಂದ ಇನ್ನೊಂದನ್ನೂ ಕಲಿಯಬಹುದು: ಬಾಗಿಲನ್ನು ಮುಚ್ಚಿದ ಮನೆಯಿಂದ ಹೋಗುವವನು ಹೇಳದೆಯೇ ಹೋಗುತ್ತಾನೆ.

ಇನ್ನು ತರುಣರ ಮಾತು. ಇಲ್ಲಿ ನಾವು ನಮ್ಮದೇ ಅಪರಾಧವೊಂದನ್ನು ಒಪ್ಪಿಕೊಳ್ಳಬೇಕಾಗಿದೆ. 2002ರ ಮಳೆಗಾಲ; ನಮಗೆ ಆಗ ಇಪ್ಪತ್ತು ವರ್ಷ. ಪರೀಕ್ಷೆಗಾಗಿ ಮೈಸೂರಿಗೆ ಹೋಗಿದ್ದೆವು. ಪರೀಕ್ಷೆ ಮುಗಿದೊಡನೆ ಮರಳುವೆವೆಂದು ಮನೆಯಲ್ಲಿ ಹೇಳಿದ್ದೆವು. ಆದರೆ ಸ್ನೇಹಿತರು ಶ್ರವಣಬೆಳಗೊಳವನ್ನು ನೋಡಿ ಬರೋಣವೆಂದರು. ಎರಡು ದಿನ ನಿಂತೆವು. ನಮ್ಮ ಮನೆಯಲ್ಲಿ ದೂರವಾಣಿ ಇರಲಿಲ್ಲ, ನೆರೆಮನೆಯಲ್ಲಿ ಇತ್ತು. ನಾವು ತಂಗಿದ್ದ ಬೀದಿಯಲ್ಲಿಯೇ ಎಸ್.ಟಿ.ಡಿ. ಬೂತ್ ಇತ್ತು. ಕೈಯಲ್ಲಿ ಚಿಲ್ಲರೆಯೂ ಇತ್ತು. "ಅಪ್ಪನಿಗೆ ಹೇಳಬೇಕೇ?" ಎಂದು ಸ್ನೇಹಿತರು ನಕ್ಕಾರೆಂಬ ಸಂಕೋಚದಿಂದ ಬೂತಿನ ಮುಂದೆ ನಾಲ್ಕು ಸಲ ಹಾದುಹೋದರೂ ಒಳಗೆ ಕಾಲಿಡಲಿಲ್ಲ.

ಮೂರನೆಯ ದಿನ ಸಂಜೆ ಸುಳ್ಯದ ಕಡೆಯಿಂದ ಬಂದ ಬಸ್ಸಿನಿಂದ ಮುಳ್ಳೇರಿಯದಲ್ಲಿ ಇಳಿದಾಗ ತಂದೆಯವರು ಅಂಗಡಿಯ ಜಗಲಿಯ ಮೇಲೆ ಕೊಡೆ ಮಡಚಿಕೊಂಡು ಕುಳಿತಿದ್ದರು. "ಬಂದೆಯಾ? ಊಟವಾಯಿತೇ?" ಎಂದರು. ಮತ್ತೇನೂ ಕೇಳಲಿಲ್ಲ. ಎರಡು ದಿನಗಳಿಂದ ಪ್ರತಿಯೊಂದು ಬಸ್ಸಿಗೂ ಅವರು ಎದ್ದು ನಿಂತು ನೋಡುತ್ತಿದ್ದರೆಂಬುದನ್ನು ಮರುದಿನ ಅಂಗಡಿಯವರು ಹೇಳಿದರು. ಅವರು ಬೈದಿದ್ದರೆ ನಾವು ಎಂದೋ ಮರೆತಿರುತ್ತಿದ್ದೆವು. ತಂದೆಯವರು ಈಗಿಲ್ಲ. ಆ ಒದ್ದೆಯಾದ ಕೊಡೆ ಮಾತ್ರ ನಮ್ಮ ಕಣ್ಣಮುಂದಿದೆ. ಅಂದು ಸ್ವಾತಂತ್ರ್ಯವೆಂದು ನಾವು ತಿಳಿದುದು ಸ್ವಾತಂತ್ರ್ಯವಾಗಿರಲಿಲ್ಲ. ಸ್ನೇಹಿತರ ನಗುವಿಗೆ ಅಂಜಿದ ದಾಸ್ಯವಾಗಿತ್ತು.

ವರ್ತಮಾನದ ಬೆಲೆ ಶುಭದಿನಗಳಲ್ಲಿ ತಿಳಿಯುವುದಿಲ್ಲ. 2010ರ ಮೇ 22ರ ಮುಂಜಾನೆಯನ್ನು ಈ ನಾಡಿನವರು ಮರೆಯಲಾರರು. ದುಬಾಯಿಯಿಂದ ಬಂದ ವಿಮಾನ ಮಂಗಳೂರಿನ ಬಜಪೆಯಲ್ಲಿ ದುರಂತಕ್ಕೀಡಾಗಿ 158 ಮಂದಿ ಪ್ರಾಣ ತೆತ್ತರು. ಬದುಕಿ ಉಳಿದವರು ಎಂಟೇ ಮಂದಿ. ಮೃತರಲ್ಲಿ ಕಾಸರಗೋಡಿನವರೂ ಅನೇಕರಿದ್ದರು. ಆ ದಿನ ಕೊಲ್ಲಿ ನಾಡಿನಲ್ಲಿ ಮಕ್ಕಳಿದ್ದ ಮನೆಗಳಲ್ಲಿ ಎದ್ದ ಮೊದಲ ಪ್ರಶ್ನೆ, "ನಮ್ಮವನು ಯಾವ ವಿಮಾನಕ್ಕೆ ಹೊರಟಿದ್ದನು?" ಎಂಬುದೇ. ಮುಂದೆ 2020ರ ಮಾರ್ಚಿಯಲ್ಲಿ ಮಹಾಮಾರಿಯ ದೆಸೆಯಿಂದ ತಲಪಾಡಿಯ ಗಡಿ ಮುಚ್ಚಿತು. ಔಷಧಕ್ಕೂ ವಿದ್ಯೆಗೂ ನಮ್ಮದೇ ಎಂದು ನಾವು ನೆಚ್ಚಿದ್ದ ಮಂಗಳೂರು ಒಂದೇ ದಿನದಲ್ಲಿ ಪರದೇಶವಾಯಿತು. ಗಡಿಯ ಮೇಲೆ ಬಾಳುವ ನಮಗೆ, ಮಗನು ಗೇಟಿನ ಈಚೆಗಿದ್ದಾನೆಯೋ ಆಚೆಗಿದ್ದಾನೆಯೋ ಎಂಬುದು ಅಲ್ಪ ವಿಷಯವಲ್ಲ.

ಹಾಗಾದರೆ ಏನನ್ನು ತಿಳಿಸಬೇಕು? ನಮ್ಮ ಮಟ್ಟಿಗೆ ಇಷ್ಟು ಸಾಕು: ವಾಸವಾಗಿರುವ ಮನೆಯ ವಿಳಾಸ, ಜೊತೆಯಲ್ಲಿರುವ ಒಬ್ಬರ ದೂರವಾಣಿಯ ಸಂಖ್ಯೆ, ದೂರದ ಪ್ರಯಾಣ ಹೊರಟಾಗ ಯಾವ ವಾಹನ, ಯಾವಾಗ ಮರಳುವುದು, ಆ ಏರ್ಪಾಡು ಬದಲಾದರೆ ಒಂದು ಮಾತು. ವಿಳಾಸವನ್ನೂ ಸಂಖ್ಯೆಯನ್ನೂ ಮನೆಯ ಪಂಚಾಂಗದ ಹಿಂಬದಿಯಲ್ಲಿ ಬರೆದಿಡಿರಿ. ದೂರವಾಣಿಯ ಬ್ಯಾಟರಿ ಮುಗಿದ ದಿನ ಕಿಸೆಯಲ್ಲಿರುವ ಸಂಖ್ಯೆಗಳು ಯಾರಿಗೂ ಒದಗುವುದಿಲ್ಲ. ಇದಕ್ಕಿಂತ ಹೆಚ್ಚಿನದನ್ನು ಮಕ್ಕಳು ತಾವಾಗಿ ಹೇಳಿದರೆ ಸಂತೋಷ, ಬಲಾತ್ಕಾರದಿಂದ ಕೇಳತಕ್ಕದ್ದಲ್ಲ. ಮಗನು ಕ್ಷಣಕ್ಷಣಕ್ಕೂ ಎಲ್ಲಿದ್ದಾನೆಂದು ನಕ್ಷೆಯ ಮೇಲೆ ತೋರಿಸುವ ಸಾಧನಗಳೂ ಈಗ ದೂರವಾಣಿಯಲ್ಲಿ ಬಂದಿವೆ. ರಾತ್ರಿ ಒಬ್ಬಂಟಿಯಾಗಿ ಪ್ರಯಾಣ ಮಾಡುವವರು ತಾವೇ ಇಚ್ಛಿಸಿ ಅದನ್ನು ಬಳಸಿದರೆ ಉಪಕಾರವೇ. ಆದರೆ ಹಗಲಿರುಳೂ ಅದನ್ನೇ ನೋಡುತ್ತ ಕುಳಿತ ತಂದೆಗೆ ಮಗನ ಜಾಗ ತಿಳಿಯುತ್ತದೆಯೇ ಹೊರತು ಮಗನ ಮಾತು ಕೇಳಿಸುವುದಿಲ್ಲ.

ಇನ್ನೊಂದು ಪಕ್ಷಪಾತವನ್ನು ಹೇಳದೆ ಬಿಡಲಾರೆವು. ಮಗಳಿಗೆ ಗಂಟೆಗೊಮ್ಮೆ ಕರೆ ಮಾಡುವ ನಾವು, ರಾತ್ರಿ ಹನ್ನೊಂದಕ್ಕೆ ಮೋಟಾರು ಸೈಕಲಿನಲ್ಲಿ ಹೊರಟ ಮಗನನ್ನು "ಎಲ್ಲಿಗೆ?" ಎಂದೂ ಕೇಳುವುದಿಲ್ಲ. ಕೇಳಿದರೆ, "ಗಂಡುಹುಡುಗ, ಬರುತ್ತಾನೆ ಬಿಡಿ" ಎಂಬ ಉತ್ತರ. ರಸ್ತೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ನಿಯಮವೊಂದಿದ್ದರೆ ಅದು ಇಬ್ಬರಿಗೂ ಒಂದೇ ಆಗಿರಲಿ. ಅಣ್ಣನು ಹೇಳಿ ಹೋಗುವುದನ್ನು ಕಂಡ ತಂಗಿಗೆ ಹೇಳಿ ಹೋಗುವುದು ಅವಮಾನವೆಂದು ತೋರುವುದಿಲ್ಲ.

ಈಗ 'ಉಭಯ' ಎಂಬ ಶಬ್ದಕ್ಕೆ ಮರಳೋಣ. ಕುಶಲವು ಎರಡು ಕಡೆಯದು. ಮಕ್ಕಳ ನೆಲೆಯನ್ನು ಕೇಳುವ ನಾವು ನಮ್ಮ ನೆಲೆಯನ್ನು ಅವರಿಗೆ ತಿಳಿಸುತ್ತೇವೆಯೇ? "ಮಗನಿಗೆ ಚಿಂತೆ ಬೇಡ" ಎಂದು ಎದೆನೋವನ್ನು ಮುಚ್ಚಿಡುತ್ತೇವೆ. ಆಸ್ಪತ್ರೆಯಿಂದ ಮರಳಿದ ಮೇಲೆ ನೆರೆಯವರ ಬಾಯಿಂದ ಅವನಿಗೆ ಸುದ್ದಿ ಹೋಗುತ್ತದೆ. ಆಮೇಲೆ ಅವನೂ ತನ್ನ ಕಷ್ಟವನ್ನು ಮುಚ್ಚಿಡಲು ಕಲಿಯುತ್ತಾನೆ. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಮದರಾಸಿನಲ್ಲಿ ಬಿ.ಎ. ತರಗತಿಯಲ್ಲಿ ಓದುತ್ತಿದ್ದಾಗ ತಂದೆಯವರ ಅಸ್ವಾಸ್ಥ್ಯದ ನಿಮಿತ್ತ ಊರಿಗೆ ಮರಳಿದರು, ಪದವಿ ಪೂರ್ಣವಾಗಲಿಲ್ಲ. ಪದವಿಯಿಲ್ಲದೆಯೂ ಅವರು ಕನ್ನಡದ ಮಹಾವಿದ್ವಾಂಸರಾದರು. ಎಲ್ಲರೂ ಓದು ಬಿಟ್ಟು ಬರಬೇಕೆಂದು ನಾವು ಹೇಳುವುದಿಲ್ಲ. ಬರಬೇಕೋ ಬೇಡವೋ ಎಂದು ನಿರ್ಧರಿಸುವ ಹಕ್ಕು ಮಕ್ಕಳದು. ನಿಜಸ್ಥಿತಿಯನ್ನು ತಿಳಿಸದೆ ಆ ಹಕ್ಕನ್ನು ಅವರಿಂದ ಕಸಿಯುವುದು ನ್ಯಾಯವಲ್ಲ.

ಮೊದಲು ಹೇಳಿದ ತಾಯಿಯ ಕಥೆ ಏನಾಯಿತೆಂದು ನೀವು ಕೇಳಬಹುದು. ನಾವು ಆ ಹುಡುಗಿಯೊಡನೆ ಮಾತನಾಡಿದೆವು. ಅವಳು ಅಳುತ್ತಲೇ ಹೇಳಿದಳು: "ಸರ್, ಮೊದಮೊದಲು ಎಲ್ಲವನ್ನೂ ಹೇಳುತ್ತಿದ್ದೆ. ಒಂದು ಮಾತು ಹೇಳಿದರೆ ಹತ್ತು ಪ್ರಶ್ನೆ ಬರುತ್ತಿತ್ತು. ಕೊಠಡಿ ಬದಲಾಯಿಸಿದಾಗ ಹೇಳಲು ಹೆದರಿಕೆಯಾಯಿತು." ತಾಯಿಗೆ ಇದನ್ನು ತಿಳಿಸಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಈಗ ಅವರಿಬ್ಬರಲ್ಲಿ ಒಂದು ಒಪ್ಪಂದವಾಗಿದೆ: ರವಿವಾರ ಸಂಜೆ ವಿವರವಾದ ಮಾತುಕತೆ, ಉಳಿದ ದಿನ ರಾತ್ರಿ ಮಗಳಿಂದ ಒಂದು ಸಾಲು, ತಾಯಿಯಿಂದ ಒಂದು ಸಾಲು. ಮಗಳು ಬರೆದುದಕ್ಕೆ ತಾಯಿ ಪ್ರಶ್ನೆಯನ್ನು ಹಾಕುವಂತಿಲ್ಲ. ಮಗಳು ಹೊಸ ವಿಳಾಸವನ್ನು ಕೂಡಲೇ ಕಳುಹಿಸಿದಳು. ಆ ಒಂದೊಂದು ಸಾಲನ್ನು ಇಬ್ಬರೂ ಕನ್ನಡ ಅಕ್ಷರಗಳಲ್ಲಿಯೇ ಬರೆಯುತ್ತಾರೆಂಬುದು ಕನ್ನಡ ಮಾಷ್ಟ್ರಾದ ನಮಗೆ ಒದಗಿದ ಹೆಚ್ಚಿನ ಸಂತೋಷ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡುವ ನಮ್ಮ ನಾಡಿನಲ್ಲಿ ಕ್ಷೇಮಸಮಾಚಾರದ ಕಾಗದವೇ ಎಷ್ಟೋ ಮನೆಗಳ ಕನ್ನಡವನ್ನು ಉಳಿಸಿತ್ತು.

ಸಹೃದಯರೇ, ಮನೆಯಿಂದ ಹೊರಡುವಾಗ ನಾವು 'ಹೋಗುತ್ತೇನೆ' ಎನ್ನುವುದಿಲ್ಲ. 'ಹೋಗಿ ಬರುತ್ತೇನೆ' ಎನ್ನುತ್ತೇವೆ. ತರುಣರು ಹೋಗಲಿ, ದೂರ ಹೋಗಲಿ, ನಾವು ಕಾಣದ ಊರುಗಳನ್ನು ಕಾಣಲಿ. ಆ ಒಂದು ಮಾತನ್ನು ಹೇಳಿ ಹೋಗಲಿ. ಅದನ್ನು ಕೇಳಿದ ಹಿರಿಯರು "ಹೋಗಿ ಬಾ" ಎಂದಷ್ಟೇ ಹೇಳಿ ಬಾಗಿಲನ್ನು ತೆರೆದಿಡಲಿ.