ಜೊಂಡಿನ ಹಳ್ಳ

ಮೆಕ್ಸಿಕೋ ದೇಶದ ವಾಯವ್ಯದಲ್ಲಿ ಸುಮಾರು 1,200 ಕಿಲೋಮೀಟರು ಉದ್ದಕ್ಕೆ ಚಾಚಿಕೊಂಡಿರುವ ನಾಡು ಬಾಹಾ ಕ್ಯಾಲಿಫೋರ್ನಿಯ. ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಪೂರ್ವಕ್ಕೆ ಕೊಲ್ಲಿ. ಇಕ್ಕೆಲದಲ್ಲಿಯೂ ನೀರು, ನಡುವೆ ಮರುಭೂಮಿ! ಪಶ್ಚಿಮದ ಕಡಲಿನ ಶೀತಪ್ರವಾಹ ಮಂಜನ್ನು ತರುತ್ತದೆಯೇ ಹೊರತು ಮಳೆಯನ್ನು ತರುವುದಿಲ್ಲ.

ವಾಚಕರೇ, 1973ರಲ್ಲಿ ಪೂರ್ಣಗೊಂಡ ಹೆದ್ದಾರಿಯಲ್ಲಿ ತಿಹುವಾನಾ ನಗರದಿಂದ ದಕ್ಷಿಣಕ್ಕೆ ಹೊರಟಿರೆಂದು ಭಾವಿಸಿರಿ. ಎನ್ಸೆನಾಡಾ ಬಂದರು ಹಿಂದಾಗುತ್ತದೆ. ಆಮೇಲೆ ಕಂಬಗಳಂತೆ ನಿಂತ ಕಳ್ಳಿಗಳು. ಗೆರೆರೋ ನೆಗ್ರೋ ಊರಿನ ವಿಶಾಲವಾದ ಉಪ್ಪಿನ ಗದ್ದೆಗಳು. ಅದನ್ನೂ ದಾಟಿ ದಣಿದ ಕಣ್ಣಿಗೆ ಫಕ್ಕನೆ ಹಸುರು! ಅದೇ ಸಾನ್ ಇಗ್ನಾಸಿಯೋ: ಬುಗ್ಗೆಯ ನೀರು, ಸುತ್ತಲೂ ಖರ್ಜೂರದ ತೋಪು.

1728ರಲ್ಲಿ ಜೆಸೂಯಿಟ್ ಪಾದ್ರಿಗಳು ಇಲ್ಲಿ ಮಠವನ್ನು ಸ್ಥಾಪಿಸಿದರು. ಖರ್ಜೂರವನ್ನು ತಂದು ಬೆಳೆಸಿದವರೂ ಅವರೇ. ಆದರೆ ಪರದೇಶದವರೊಡನೆ ಸಿಡುಬು, ದಡಾರಗಳೂ ಬಂದವು. ಆ ನೀರನ್ನೇ ನಂಬಿ ಬಾಳಿದ್ದ ಕೊಚಿಮಿ ಜನ ಸಾವಿರ ಸಾವಿರವಾಗಿ ಅಳಿದರು. ಅವರ ನುಡಿಯನ್ನಾಡುವವರು ಇಂದು ಯಾರೂ ಇಲ್ಲ. ಪಾದ್ರಿಗಳು ಬರೆದಿಟ್ಟ ಕೆಲವು ಪದಗಳು, ಪ್ರಾರ್ಥನೆಗಳು ಮಾತ್ರ ಉಳಿದಿವೆ.

ಭಾಷೆಯನ್ನು ಕಲಿಸಿಯೇ ತಲೆ ನರೆತ ನನಗೆ ಇದು ಸಣ್ಣ ಸಂಗತಿಯಲ್ಲ. ಹೊರಗಿನಿಂದ ಬಂದ ಮರ ಬೇರೂರಿತು. ಮಣ್ಣಿನ ಮಾತು ಒಣಗಿತು. ಆ ತೋಪಿನ ನೆರಳಿನಲ್ಲಿ ಕುಳಿತಾಗ ಹಳೆಯ ಹೆಸರನ್ನೊಮ್ಮೆ ಗಟ್ಟಿಯಾಗಿ ಉಚ್ಚರಿಸಿರಿ: ಕಡಕಾಮಾನ್. ‘ಜೊಂಡಿನ ಹಳ್ಳ’ ಎಂದು ಅದರ ಅರ್ಥ.